ಓದುಗರ ಪ್ರಶ್ನೆ: ಟಿಬಿ ಮನೆಯ ಬೇಳೆ, ಪೊಟ್ಯಾಸಿಯಂ ಉಪ್ಪು, ಯಂತ್ರ ಒಪ್ಪದ ಹೆಬ್ಬೆರಳು

ಸಂಶೋಧನೆಯ ಸುದ್ದಿಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಆರೋಗ್ಯ, ಕಂಪ್ಯೂಟರ್, ಸರ್ಕಾರಿ ಸವಲತ್ತು ಮೂರೂ ಬೆರೆತಿವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಟಿಬಿ ರೋಗಿಯ ಮನೆಯವರಿಗೆ ರೇಷನ್ ಕೊಟ್ಟರೆ ಅವರಿಗೆ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಗುತ್ತದೆ ಎಂದು ಮೀಟಿಂಗಿನಲ್ಲಿ ಹೇಳಿದರು. ನೂರು ಜನರಲ್ಲಿ 39 ಜನ ಬಚಾವಾಗುತ್ತಾರೆ ಅಂತಲೇ? ನನ್ನ ಊರಲ್ಲಿ ಇಬ್ಬರು ರೋಗಿಗಳಿದ್ದಾರೆ. ಅವರ ಮನೆಯವರಿಗೆ ಏನು, ಎಷ್ಟು ತಿನ್ನಲು ಹೇಳಲಿ?
— ಆಶಾ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು

ಹಾಗಲ್ಲ. ಇದು 'ರೇಷನ್ಸ್' ಹೆಸರಿನ ಪ್ರಯೋಗ. ಜಾರ್ಖಂಡ್‌ನ 4 ಜಿಲ್ಲೆಗಳ 28 ಟಿಬಿ ಘಟಕಗಳಲ್ಲಿ ನಡೆಯಿತು. ಮುಂದೆ ನಿಂತು ನಡೆಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಫಲಿತಾಂಶ 2023ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಗಳಲ್ಲಿ ಬಂತು. 2,800 ರೋಗಿಗಳು, ಅವರ ಮನೆಗಳಲ್ಲಿದ್ದ 10,345 ಜನ. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಮನೆಯವರಿಗೆ ಮಾತ್ರ ಅರ್ಧ ಘಟಕಗಳಲ್ಲಿ ಕೊಟ್ಟು, ಉಳಿದರ್ಧದಲ್ಲಿ ಕೊಡದೆ ಹೋಲಿಸಿದರು.

ಲೆಕ್ಕ ಹೀಗಿದೆ. ರೇಷನ್ ಸಿಗದ 4,724 ಜನರಲ್ಲಿ 122 ಮಂದಿಗೆ ಟಿಬಿ ಬಂತು. ಸಿಕ್ಕ 5,621 ಜನರಲ್ಲಿ 96 ಮಂದಿಗೆ ಬಂತು. ಎಂದರೆ ನೂರಕ್ಕೆ 2.6 ಇದ್ದದ್ದು 1.7 ಆಯಿತು. ಎರಡು ಗುಂಪುಗಳ ಇತರ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸಿಕ್ಕ ಇಳಿಕೆ ಶೇ 39. ಇಳಿದದ್ದು ಆ 2.6ರಲ್ಲಿನ ಪಾಲು, ನೂರು ಜನರಲ್ಲಿನ ಪಾಲು ಅಲ್ಲ. ಮೇಲಿನ ಅಂಕಿಗಳನ್ನೇ ನೇರವಾಗಿ ಕಳೆದು ಭಾಗಿಸಿದರೆ, ಒಂದು ಟಿಬಿ ತಪ್ಪಿಸಲು ಸುಮಾರು 115 ಮನೆಮಂದಿಗೆ ರೇಷನ್ ಕೊಡಬೇಕಾಗುತ್ತದೆ. ಇದು ಸಣ್ಣ ಸಂಖ್ಯೆ ಎಂದು ಮೂಗು ಮುರಿಯುವವರಿದ್ದಾರೆ. ಕೊಟ್ಟದ್ದು ಅಕ್ಕಿ ಬೇಳೆ, ಅದರಿಂದ ಅಡ್ಡಪರಿಣಾಮವಿಲ್ಲ, ಉಳಿದ 114 ಜನರಿಗೂ ಅದು ಹೊಟ್ಟೆಗೇ ಹೋಯಿತು ಎಂಬುದನ್ನು ಅವರು ಮರೆಯುತ್ತಾರೆ. ಕಫದಲ್ಲಿ ರೋಗಾಣು ಪತ್ತೆಯಾದ ಶ್ವಾಸಕೋಶದ ಟಿಬಿಯನ್ನಷ್ಟೇ ನೋಡಿದರೆ ಇಳಿಕೆ ಶೇ 48. ಇನ್ನೊಬ್ಬರಿಗೆ ಹರಡುವುದು ಈ ಬಗೆಯದೇ.

ಎಷ್ಟು ಕೊಟ್ಟರು? ಮನೆಯ ಪ್ರತಿ ದೊಡ್ಡವರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಇದರ ಅರ್ಧ. ಜತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 750 ಕಿಲೋಕ್ಯಾಲರಿ, 23 ಗ್ರಾಂ ಪ್ರೋಟೀನ್. ರೋಗಿಗೆ ಅಕ್ಕಿ, ಕಾಳು, ಹಾಲಿನ ಪುಡಿ, ಎಣ್ಣೆ ಸೇರಿ ತಿಂಗಳಿಗೆ 10 ಕೆ.ಜಿ. ಬುಟ್ಟಿ: ದಿನಕ್ಕೆ 1,200 ಕಿಲೋಕ್ಯಾಲರಿ, 52 ಗ್ರಾಂ ಪ್ರೋಟೀನ್. ಸಾಮಾನ್ಯ ಟಿಬಿಗೆ ಆರು ತಿಂಗಳು, ಔಷಧಕ್ಕೆ ಜಗ್ಗದ ಟಿಬಿಗೆ ಹನ್ನೆರಡು ತಿಂಗಳು ಕೊಟ್ಟರು.

ನೀವು ಮನೆಗೆ ಹೋದಾಗ ಹೇಳಬೇಕಾದ ಮುಖ್ಯ ಮಾತು ಎಂದರೆ, ಇದು ಈಗ ಉಣ್ಣುತ್ತಿರುವುದರ ಮೇಲೆ ಹೆಚ್ಚುವರಿ. ಬಂದ ಅಕ್ಕಿಯನ್ನೇ ಬೇಯಿಸಿ, ಕೊಳ್ಳುತ್ತಿದ್ದ ಜೋಳ ನಿಲ್ಲಿಸಿದರೆ ಲೆಕ್ಕ ಅಲ್ಲಿಗಲ್ಲಿಗೇ. ಅಕ್ಕಿ ಹೇಗೋ ದಕ್ಕುತ್ತದೆ, ಬೇಳೆಯದೇ ಕೊರತೆ. ಆದ್ದರಿಂದ 'ಪೌಷ್ಟಿಕ ಆಹಾರ ತಿನ್ನಿ' ಎನ್ನುವ ಬದಲು, ತಲೆಗೆ ದಿನಕ್ಕೆ 50 ಗ್ರಾಂನಂತೆ ಒಣ ಬೇಳೆ ಅಥವಾ ಕಾಳು ಹೆಚ್ಚಿಗೆ ಒಲೆಗೆ ಬೀಳಲಿ ಎಂದು ಅಳತೆ ತೋರಿಸಿ ಹೇಳಿ. ತೊಗರಿ, ಹೆಸರು, ಅಲಸಂದೆ, ಹುರಿಗಡಲೆ ಹಿಟ್ಟು ಯಾವುದಾದರೂ ಸರಿ. ರೋಗಿಗೊಬ್ಬನಿಗೇ ಬುಟ್ಟಿ ಕೊಟ್ಟರೆ ಅದು ಮನೆಯಲ್ಲಿ ಹಂಚಿಹೋಗುತ್ತದೆ. ಮಕ್ಕಳೆದುರು ಒಬ್ಬನೇ ಕುಳಿತು ಉಣ್ಣುವ ಅಪ್ಪ ಯಾವ ಊರಲ್ಲಿದ್ದಾನೆ?

ರೋಗಿಯ ತೂಕವನ್ನು ಔಷಧ ಆರಂಭಿಸಿದ ದಿನ ಮತ್ತು ಎರಡು ತಿಂಗಳಾದ ಮೇಲೆ ಒಂದೇ ತಕ್ಕಡಿಯಲ್ಲಿ, ಚಪ್ಪಲಿ ಬಿಡಿಸಿ ನೋಡಿ. ಪ್ರಯೋಗಕ್ಕೆ ಸೇರಿದ ಹತ್ತು ರೋಗಿಗಳಲ್ಲಿ ಎಂಟು ಮಂದಿ ಮೊದಲೇ ಸೊರಗಿದ್ದರು. ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. 40 ಕೆ.ಜಿ. ಇದ್ದವರಿಗೆ ಶೇ 5 ಎಂದರೆ 2 ಕೆ.ಜಿ. (ಕಾಯಿಲೆ ಹೆಚ್ಚು ಬಲಿತವರಿಗೆ ತೂಕವೂ ಏರುವುದಿಲ್ಲ, ಅಪಾಯವೂ ಹೆಚ್ಚು, ಹಾಗಾಗಿ ಇಡೀ ಶ್ರೇಯಸ್ಸನ್ನು ತೂಕಕ್ಕೇ ಕೊಡಲಾಗದು. ಆದರೆ ಎಚ್ಚರಿಕೆಯ ಗಂಟೆಯಾಗಿ ತೂಕಕ್ಕಿಂತ ಅಗ್ಗದ್ದು ಬೇರೆ ಇಲ್ಲ.) ಎರಡು ತಿಂಗಳಾದರೂ ಏರದಿದ್ದರೆ ಅಥವಾ ಇಳಿದರೆ ಮುಂದಿನ ಭೇಟಿಗೆ ಕಾಯದೆ ವೈದ್ಯಾಧಿಕಾರಿಗೆ ತಿಳಿಸಿ. ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಿದೆಯೇ, ಮಾತ್ರೆ ತಪ್ಪುತ್ತಿದೆಯೇ, ಕುಡಿತ ಇದೆಯೇ ಎಂದು ನೋಡಬೇಕಾಗುತ್ತದೆ.

ಟಿಬಿ ರೋಗಿಯ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ರೂಪಾಯಿ. ಅದು ರೋಗಿಗೆ, ಮನೆಯವರಿಗಲ್ಲ. ಮನೆಯವರಿಗೆ ತಪಾಸಣೆ ಮಾಡಿ, ಟಿಬಿ ಇಲ್ಲವೆಂದು ಖಚಿತವಾದ ಮೇಲೆ ಕೊಡುವ ತಡೆ ಮಾತ್ರೆ ಬೇರೆಯೇ ಇದೆ. ವಾರಕ್ಕೊಮ್ಮೆ ನುಂಗುವ 12 ವಾರದ ಕ್ರಮವೂ ಉಂಟು. ಬೇಳೆ ಆ ಮಾತ್ರೆಗೆ ಬದಲಿಯಲ್ಲ.

ಪ್ರಶ್ನೆ: ಕಡಿಮೆ ಸೋಡಿಯಂ ಉಪ್ಪು ಬಳಸಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂದು ಓದಿದೆ. ನನಗೆ 68, ಬಿಪಿ ಇದೆ, ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ನಾವು ಈಗ ಸೈಂಧವ ಲವಣ ಬಳಸುತ್ತಿದ್ದೇವೆ. ಅದು ಸಾಲದೇ?
— ನಿವೃತ್ತ ಶಿಕ್ಷಕರು, ಧಾರವಾಡ

ಸಾಲದು. ಸೈಂಧವ ಲವಣ, ಕಲ್ಲುಪ್ಪು, ಸಮುದ್ರದುಪ್ಪು ಎಲ್ಲವೂ ಬಹುತೇಕ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ, ರಕ್ತದೊತ್ತಡದ ಮಟ್ಟಿಗೆ ಒಂದೇ. ಪ್ಯಾಕೆಟ್ ಮೇಲೆ ಅಯೋಡಿನ್ ಇದೆಯೆಂದು ಬರೆದಿಲ್ಲದಿದ್ದರೆ ಅದೂ ನಷ್ಟ.

ನೀವು ಓದಿದ್ದು ಉತ್ತರ ಚೀನಾದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗ, ಪ್ರಕಟವಾದದ್ದು 2021ರಲ್ಲಿ. 20,995 ಜನ. ಒಂದೋ ಅವರಿಗೆ ಹಿಂದೆ ಪಾರ್ಶ್ವವಾಯು ಆಗಿತ್ತು, ಇಲ್ಲವೇ 60 ದಾಟಿ ಬಿಪಿ ಇತ್ತು. ಅರ್ಧ ಹಳ್ಳಿಗಳ ಅಡುಗೆಮನೆಗೆ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಪುಕ್ಕಟೆ ಕೊಟ್ಟರು. ಸುಮಾರು ಐದು ವರ್ಷಗಳಲ್ಲಿ ಪಾರ್ಶ್ವವಾಯು ಶೇ 14, ಸಾವು ಶೇ 12 ಕಡಿಮೆಯಾದವು. ಸಾವಿರ ಜನರಲ್ಲಿ ವರ್ಷಕ್ಕೆ 34ರಷ್ಟಿದ್ದ ಪಾರ್ಶ್ವವಾಯು 29ಕ್ಕೆ ಇಳಿಯಿತು.

ಅಲ್ಲಿ ಇದು ಫಲಿಸಿದ್ದಕ್ಕೆ ಒಂದು ಕಾರಣವಿದೆ: ಆ ಹಳ್ಳಿಗಳಲ್ಲಿ ಹೊಟ್ಟೆಗೆ ಹೋಗುವ ಉಪ್ಪಿನ ಬಹುಪಾಲು ಮನೆಯಲ್ಲೇ ಹಾಕಿದ್ದು. ನಮ್ಮಲ್ಲೂ ಹಾಗೇ. ಆದರೆ ಸಾರಿಗೆ ಹೊಸ ಉಪ್ಪು, ಉಪ್ಪಿನಕಾಯಿ ಹಪ್ಪಳ ಸಂಡಿಗೆಗೆ ಹಳೆಯದು ಎಂದರೆ ಅರ್ಧ ಲಾಭ ಹೋಯಿತು. ರುಚಿ ಸಪ್ಪೆಯೆಂದು ಒಂದು ಚಿಟಿಕೆ ಹೆಚ್ಚು ಹಾಕುವುದು ಇನ್ನೊಂದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚವನ್ನು ಸಮ ಮಾಡಿದರೆ ಬರುವಷ್ಟು, ಎಲ್ಲ ಅಡುಗೆ ಸೇರಿ.

ಈಗ ನಿಮ್ಮ ಮಾತ್ರೆಯ ವಿಷಯ. ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತ ತಪ್ಪುತ್ತದೆ. ಅದನ್ನು ಹೊರಹಾಕುವುದು ಮೂತ್ರಪಿಂಡ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಾಲಾಪ್ರಿಲ್ ಇವು ಪೊಟ್ಯಾಸಿಯಂ ಹೊರಹೋಗುವುದನ್ನು ಸ್ವಲ್ಪ ತಡೆಯುತ್ತವೆ. ಸ್ಪೈರೊನೊಲ್ಯಾಕ್ಟೋನ್ ಹೆಚ್ಚು ತಡೆಯುತ್ತದೆ. ಚೀನಾದ ಪ್ರಯೋಗದಲ್ಲಿ ಮೂತ್ರಪಿಂಡದ ತೀವ್ರ ಕಾಯಿಲೆಯವರನ್ನೂ ಪೊಟ್ಯಾಸಿಯಂ ಉಳಿಸುವ (ಸ್ಪೈರೊನೊಲ್ಯಾಕ್ಟೋನ್‌ನಂಥ) ಮೂತ್ರವರ್ಧಕ ತೆಗೆದುಕೊಳ್ಳುವವರನ್ನೂ ಸೇರಿಸಿರಲಿಲ್ಲ. 'ಅಪಾಯ ಕಂಡುಬರಲಿಲ್ಲ' ಎಂಬ ಮಾತು ಅವರನ್ನು ಬಿಟ್ಟು ಆಡಿದ್ದು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ಶಿಫಾರಸು ಮಾಡುವಾಗಲೂ ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು, ಮಕ್ಕಳನ್ನು ಹೊರಗಿಟ್ಟಿತು. ನೀವು ಮೊದಲು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವುದು) ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ ಉಪ್ಪು ಬದಲಿಸಿ, ಕೆಲವು ವಾರ ಬಿಟ್ಟು ಪೊಟ್ಯಾಸಿಯಂ ಮತ್ತೊಮ್ಮೆ ನೋಡಿಸಿ. ಒಂದೇ ಅಡುಗೆಯನ್ನು ಮನೆಮಂದಿಯೆಲ್ಲ ಉಣ್ಣುತ್ತಾರಾದ್ದರಿಂದ, ಅವರಲ್ಲಿ ಮೂತ್ರಪಿಂಡದ ಕಾಯಿಲೆ ಯಾರಿಗೂ ಇಲ್ಲವೆಂದು ತಿಳಿದುಕೊಂಡೇ ಡಬ್ಬಿ ತುಂಬಿಸಿ.

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ತಗೊಳ್ಳುವುದಿಲ್ಲ. 'ನಾಳೆ ಬಾ' ಎನ್ನುತ್ತಾರೆ. ಬಯೋಮೆಟ್ರಿಕ್ ಬಂದ ಮೇಲೆ ಕಳ್ಳತನ ನಿಂತಿದೆ ಎಂದು ಸಂಶೋಧನೆ ಇದೆಯಂತಲ್ಲ?
— ಅಡಿಕೆ ಸುಲಿಯುವ ಕೆಲಸದವರ ಮಗ, ತೀರ್ಥಹಳ್ಳಿ

ಇದೆ, ಆದರೆ ಎರಡು ಸಂಶೋಧನೆಗಳಿವೆ, ಎರಡೂ ಬೇರೆ ಬೇರೆ ಹೇಳುತ್ತವೆ. ಸ್ವಾರಸ್ಯವೆಂದರೆ ಎರಡನ್ನೂ ಮಾಡಿದವರು ಅದೇ ಅರ್ಥಶಾಸ್ತ್ರಜ್ಞರು: ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್.

ಮೊದಲನೆಯದು ಅವಿಭಜಿತ ಆಂಧ್ರದ 157 ಮಂಡಲಗಳಲ್ಲಿ, 2010ರಿಂದ 2012ರವರೆಗೆ. ಉದ್ಯೋಗ ಖಾತ್ರಿ ಕೂಲಿ ಮತ್ತು ಪಿಂಚಣಿಯನ್ನು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೊಟ್ಟರು. ಕೂಲಿ ಬೇಗ ಕೈಸೇರಿತು, ಉದ್ಯೋಗ ಖಾತ್ರಿಯ ಸೋರಿಕೆ ಶೇ 41ರಷ್ಟು ಇಳಿಯಿತು. ಕಾರ್ಡ್ ಇಲ್ಲದವರಿಗೂ ಹಳೆಯ ದಾರಿ ತೆರೆದೇ ಇತ್ತು. ಎರಡನೆಯದು ಜಾರ್ಖಂಡ್‌ನ 10 ಜಿಲ್ಲೆಗಳ 132 ಬ್ಲಾಕ್‌ಗಳಲ್ಲಿ, ಪಡಿತರಕ್ಕೆ ಆಧಾರ್ ಬೆರಳಚ್ಚು ಕಡ್ಡಾಯ ಮಾಡಿದಾಗ. ಇಲ್ಲಿ ಬೆರಳಚ್ಚೊಂದರಿಂದಲೇ ಸೋರಿಕೆ ಇಳಿಯಲಿಲ್ಲ. ಪಡಿತರ ಪಡೆಯಲು ಫಲಾನುಭವಿಗೆ ತಗಲುವ ಖರ್ಚು ಶೇ 17 ಏರಿತು. ಆಧಾರ್ ಜೋಡಿಸಿಕೊಂಡಿರದ ಕುಟುಂಬಗಳಿಗೆ ಸಿಗುತ್ತಿದ್ದ ಪಡಿತರದ ಮೌಲ್ಯ ಸುಮಾರು ಶೇ 10 ಇಳಿಯಿತು; ಆ ಕುಟುಂಬಗಳಲ್ಲಿ ಶೇ 2.8ರಷ್ಟಕ್ಕೆ ಏನೂ ಸಿಗದಂತಾಯಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆರಳಚ್ಚು ತಡೆಯಬಲ್ಲದ್ದು ಒಬ್ಬರ ಹೆಸರಲ್ಲಿ ಇನ್ನೊಬ್ಬರು ಒಯ್ಯುವುದನ್ನು. ಜಾರ್ಖಂಡ್‌ನಲ್ಲಿ ಆಗುತ್ತಿದ್ದ ಕಳ್ಳತನ ಹೆಚ್ಚಾಗಿ ತೂಕದಲ್ಲಿ. ಹೆಬ್ಬೆಟ್ಟು ಸರಿಯಾಗಿ ಬಿದ್ದು, ಅಂಗಡಿಯವನು ಐದರ ಬದಲು ನಾಲ್ಕೂವರೆ ಅಳೆದುಕೊಟ್ಟರೆ ಯಂತ್ರಕ್ಕೆ ಅದು ಕಾಣುವುದಿಲ್ಲ.

ಇನ್ನು ನಿಮ್ಮ ತಾಯಿಯ ಬೆರಳು. ವಯಸ್ಸಾದಂತೆ ಬೆರಳಗೆರೆ ಚಪ್ಪಟೆಯಾಗುತ್ತವೆ. ಅಡಿಕೆ ಸುಲಿಯುವುದು, ಸಿಮೆಂಟ್, ಬಟ್ಟೆ ಸೋಡ ಇವು ಇನ್ನಷ್ಟು ಸವೆಸುತ್ತವೆ. ಕೈ ತೊಳೆದು ಒರೆಸಿಕೊಂಡು ಹೋಗಲಿ. ಚರ್ಮ ತೀರ ಒಣಗಿದ್ದರೆ ಒದ್ದೆ ಬಟ್ಟೆಗೆ ಬೆರಳು ಒತ್ತಿ, ನೀರಿನ ಹನಿ ಉಳಿಯದಂತೆ ಒರೆಸಿ. ಯಂತ್ರದ ಗಾಜನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಲು ಹೇಳಿ. ಹಿಂದಿನವರ ಜಿಡ್ಡೇ ಅರ್ಧ ತೊಂದರೆ. ಬೆರಳ ತುದಿಯಲ್ಲ, ನಡುವಿನ ದಿಂಡು ಗಾಜಿಗೆ ಪೂರ್ತಿ ತಾಗಬೇಕು. ಜೋರಾಗಿ ಒತ್ತಿದರೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಇನ್ನೂ ಕೆಡುತ್ತದೆ. ಹೆಬ್ಬೆರಳಿಗೇ ಜೋತುಬೀಳಬೇಡಿ. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಎರಡೂ ಕೈ ನೋಡಿ. ಯಾವುದು ಹಿಡಿಯಿತೋ ಅದನ್ನು ಗುರುತಿಟ್ಟುಕೊಂಡು ಪ್ರತಿ ತಿಂಗಳು ಅದನ್ನೇ ಮೊದಲು ಕೊಡಲಿ. ಹತ್ತೂ ಹಿಡಿಯದಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಣ ಮಾಡಿಸಿ, ಅದೇ ಹೊತ್ತಿಗೆ ಮೊಬೈಲ್ ಸಂಖ್ಯೆಯನ್ನೂ ಜೋಡಿಸಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಸದಸ್ಯರು ಹೋಗಿ ಬೆರಳು ಕೊಟ್ಟರೂ ಆಗುತ್ತದೆ.

ಇಷ್ಟಾಗಿಯೂ ಆಗದಿದ್ದರೆ? 2017ರ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದ ಪತ್ರವಿದೆ. ಆಧಾರ್ ಇಲ್ಲವೆಂದಾಗಲಿ, ಬೆರಳಚ್ಚು ಹೊಂದಲಿಲ್ಲವೆಂದಾಗಲಿ ಅರ್ಹರಿಗೆ ಪಡಿತರ ನಿರಾಕರಿಸುವಂತಿಲ್ಲ. ಅಂಥವರಿಗೆ ಕೊಟ್ಟು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು ಎಂದಿದೆ ಅದರಲ್ಲಿ. 'ನಾಳೆ ಬಾ' ಎಂದವರಿಗೆ ಈ ದಿನಾಂಕ ಹೇಳಿ. ಬಗ್ಗದಿದ್ದರೆ ತಾಲ್ಲೂಕು ಆಹಾರ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅಥವಾ 1967ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ದೂರಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸಲ ಬೆರಳು ಕೊಟ್ಟರು ಎಂಬುದಿರಲಿ. ವಿಫಲ ಪ್ರಯತ್ನವೂ ಯಂತ್ರದಲ್ಲಿ ದಾಖಲಾಗುತ್ತದೆ.

ಪ್ರಶ್ನೆ: ಸವಲತ್ತು ಯಾರಿಗೆ ಬೇಕು, ಯಾರು ಸುಳ್ಳು ಹೇಳಿ ಪಡೆಯುತ್ತಿದ್ದಾರೆ ಎಂದು ಕಂಪ್ಯೂಟರೇ ಆರಿಸಿದರೆ ಲಂಚ, ಪಕ್ಷಪಾತ ಎರಡೂ ತಪ್ಪುವುದಿಲ್ಲವೇ? ಶೇ 95 ನಿಖರತೆ ಸಿಕ್ಕರೆ ಸಾಲದೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೊದಲು ನಿಮ್ಮ 95ನ್ನೇ ನೋಡೋಣ. ಒಂದು ಲಕ್ಷ ಕಾರ್ಡುಗಳಿವೆ, ಅವುಗಳಲ್ಲಿ ನೂರಕ್ಕೆ ಎರಡು ಅನರ್ಹ ಎಂದಿಟ್ಟುಕೊಳ್ಳಿ. 2,000 ಅನರ್ಹರಲ್ಲಿ ನಿಮ್ಮ ಪ್ರೋಗ್ರಾಂ 1,900 ಹಿಡಿಯುತ್ತದೆ. ಉಳಿದ 98,000 ಅರ್ಹರಲ್ಲಿ ಶೇ 5, ಎಂದರೆ 4,900 ಮಂದಿಯನ್ನೂ ಹಿಡಿಯುತ್ತದೆ. ಪಟ್ಟಿಗೆ ಬಂದ 6,800 ಹೆಸರುಗಳಲ್ಲಿ ನೂರಕ್ಕೆ 72 ನಿರಪರಾಧಿಗಳು. ಆ ಪಟ್ಟಿ ನೋಡಿ ಒಬ್ಬರು ಮನೆಗೆ ಹೋಗಿ ಬರುವುದಾದರೆ ಅದು ಒಳ್ಳೆಯ ಪ್ರೋಗ್ರಾಂ. ಪಟ್ಟಿ ನೋಡಿ ಕಾರ್ಡ್ ರದ್ದು ಮಾಡುವುದಾದರೆ ಅದೇ ಪ್ರೋಗ್ರಾಂ ಅನಾಹುತ.

ಆಸ್ಟ್ರೇಲಿಯಾದಲ್ಲಿ ಆದದ್ದು ಇದಕ್ಕಿಂತ ಸರಳ ತಪ್ಪು. 2016ರಲ್ಲಿ ಶುರುವಾದ, ಜನ 'ರೋಬೋಡೆಟ್' ಎಂದು ಕರೆದ ವ್ಯವಸ್ಥೆ ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು 26ರಿಂದ ಭಾಗಿಸಿ, ಪ್ರತಿ ಹದಿನೈದು ದಿನಕ್ಕೂ ಅಷ್ಟೇ ಗಳಿಸಿದ್ದಾರೆ ಎಂದುಕೊಳ್ಳುತ್ತಿತ್ತು. ಒಬ್ಬ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದ, ಮುಂದಿನ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದ ಎನ್ನಿ. ಸರಾಸರಿ ಪ್ರಕಾರ ಭತ್ಯೆ ಪಡೆದ ಪ್ರತಿ ಹದಿನೈದು ದಿನವೂ ಅವನಿಗೆ 1,000 ಡಾಲರ್ ಬರುತ್ತಿತ್ತು! ಹೀಗೆ ಭತ್ಯೆ ಹೆಚ್ಚಾಗಿ ಸಂದಿದೆ, ಮರಳಿಸಬೇಕು ಎಂಬ ಇಲ್ಲದ ಸಾಲ ಹುಟ್ಟಿತು, ಇಲ್ಲವೆಂದು ಸಾಬೀತು ಮಾಡುವ ಹೊಣೆ ಅವನ ಮೇಲೆ ಬಿತ್ತು. ವರ್ಷಗಳ ಹಿಂದಿನ ಸಂಬಳದ ಚೀಟಿ ಯಾರ ಹತ್ತಿರ ಇರುತ್ತದೆ? ಸುಮಾರು 4.7 ಲಕ್ಷ ನೋಟಿಸುಗಳ ಹಣ ಮರಳಿಸುವುದಾಗಿ 2020ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಇದರ ತನಿಖೆಗೆ ನೇಮಿಸಿದ ರಾಯಲ್ ಕಮಿಷನ್‌ನ ವರದಿ 2023ರ ಜುಲೈನಲ್ಲಿ ಬಂತು. ಇಲ್ಲಿ ಕೃತಕ ಬುದ್ಧಿಮತ್ತೆ ಏನೂ ಇರಲಿಲ್ಲ, ಬರೀ ಭಾಗಾಕಾರ.

ಇನ್ನೊಂದು ಬಗೆಯ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಜಿಯಾದ್ ಓಬರ್‌ಮೈಯರ್ ಮತ್ತು ಸಂಗಡಿಗರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದು ಅದನ್ನು. ಅಮೆರಿಕದ ಆಸ್ಪತ್ರೆಗಳಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುವ ಪ್ರೋಗ್ರಾಂಗೆ ಜನಾಂಗದ ಮಾಹಿತಿ ಕೊಟ್ಟೇ ಇರಲಿಲ್ಲ. ಆದರೆ 'ಕಾಯಿಲೆ ಎಷ್ಟು' ಎಂಬುದಕ್ಕೆ ಬದಲಾಗಿ 'ಖರ್ಚು ಎಷ್ಟಾಯಿತು' ಎಂಬುದನ್ನು ಊಹಿಸಲು ಕಲಿಸಿದ್ದರು. ಕಪ್ಪು ಜನರಿಗೆ ಅಷ್ಟೇ ಕಾಯಿಲೆಯಿದ್ದರೂ ಅವರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ. ಹೀಗಾಗಿ ಪ್ರೋಗ್ರಾಂ ಅವರನ್ನು ಆರೋಗ್ಯವಂತರೆಂದು ಬಗೆಯಿತು. ಅದನ್ನು ಸರಿಪಡಿಸಿದ್ದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾದವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತಿತ್ತು. ನಮ್ಮಲ್ಲೂ ಆಸ್ಪತ್ರೆ ಖರ್ಚನ್ನೇ ಕಾಯಿಲೆಯ ಅಳತೆ ಮಾಡಿದರೆ, ಆಸ್ಪತ್ರೆಗೆ ಹೋಗಲಾರದ ಕೂಲಿಯವರೇ ಅತಿ ಆರೋಗ್ಯವಂತರಾಗಿ ಕಾಣುತ್ತಾರೆ.

ನೀವೇ ಇಂಥದ್ದನ್ನು ಕಟ್ಟುವವರಾದರೆ ಹೆಸರು ಹೊಂದಿಸುವ ಭಾಗಕ್ಕೆ ಹೆಚ್ಚು ಸಮಯ ಇಡಿ. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇಟ್ಟೂ ಬರೆಯುತ್ತಾರೆ, ಇಡದೆಯೂ ಬರೆಯುತ್ತಾರೆ. ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹೊಂದಿಕೆಯ ಮಿತಿ ಸಡಿಲಿಸಿದರೆ ಕಾರಿಟ್ಟುಕೊಂಡ ಯಾವನೋ ಮಂಜುನಾಥನ ಕಾರು ಕೂಲಿ ಮಂಜುನಾಥನ ತಲೆಗೆ ಬರುತ್ತದೆ, ಬಿಗಿ ಮಾಡಿದರೆ ಒಬ್ಬನೇ ಇಬ್ಬರಾಗುತ್ತಾನೆ. ತಂದೆಯ ಹೆಸರು, ಹುಟ್ಟಿದ ವರ್ಷ, ಪಿನ್‌ಕೋಡ್ ಮೂರರಲ್ಲಿ ಕನಿಷ್ಠ ಎರಡು ಹೊಂದದೆ ಮುಂದೆ ಹೋಗಬೇಡಿ. ಚಾಲ್ತಿಗೆ ತರುವ ಮುನ್ನ ಪಟ್ಟಿಯಿಂದ ಒಂದಿನ್ನೂರು ಹೆಸರನ್ನು ಚೀಟಿ ಎತ್ತಿ, ಮನೆಗೇ ಹೋಗಿ ನೋಡಿಸಿ. ವಿಚಾರಣೆ ಮುಗಿಯುವವರೆಗೆ ಸವಲತ್ತು ನಿಲ್ಲಬಾರದು. ನೆರೆಯ ತೆಲಂಗಾಣದಲ್ಲಿ ಸ್ಥಳ ಪರಿಶೀಲನೆಯಿಲ್ಲದೆ ರದ್ದಾದ ಪಡಿತರ ಚೀಟಿಗಳನ್ನು ಮತ್ತೆ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಪ್ರಶ್ನೆ: ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೊ ನೋಡಿ ಎಐ ತಜ್ಞ ವೈದ್ಯರಷ್ಟೇ ಚೆನ್ನಾಗಿ ರೋಗ ಹೇಳುತ್ತದಂತೆ. ನಮ್ಮ ಟ್ರಸ್ಟಿನಿಂದ ಹಳ್ಳಿ ಆಸ್ಪತ್ರೆಗೆ ಅಂಥ ಕ್ಯಾಮೆರಾ ಕೊಡಿಸಬಹುದೇ?
— ಟ್ರಸ್ಟ್ ಕಾರ್ಯದರ್ಶಿ, ಹಾಸನ

ಕೊಡಿಸಬಹುದು, ಆದರೆ ಕ್ಯಾಮೆರಾಗಿಂತ ಮೊದಲು ಕೋಣೆ ನೋಡಿ. 2016ರಲ್ಲಿ ಗೂಗಲ್ ತಂಡ 1,28,175 ಅಕ್ಷಿಪಟಲದ ಚಿತ್ರಗಳಿಂದ ಕಲಿಸಿದ ಪ್ರೋಗ್ರಾಂ ಬಹಳ ನಿಖರ ಎಂದು ವರದಿಯಾಯಿತು. ಆ ಅಧ್ಯಯನದ ಚಿತ್ರಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ಅದೇ ಬಗೆಯ ವ್ಯವಸ್ಥೆಯನ್ನು ಥಾಯ್ಲೆಂಡಿನ 11 ಚಿಕಿತ್ಸಾಲಯಗಳಿಗೆ ಒಯ್ದಾಗ ಏನಾಯಿತೆಂದು 2020ರ ಪ್ರಬಂಧ ಹೇಳುತ್ತದೆ. ಮೊದಲ ಆರು ತಿಂಗಳು ತೆಗೆದ 1,838 ಚಿತ್ರಗಳಲ್ಲಿ ಶೇ 21ನ್ನು ಯಂತ್ರ 'ಗುಣಮಟ್ಟ ಸಾಲದು' ಎಂದು ತಳ್ಳಿಹಾಕಿತು. ಬಹುತೇಕ ಕಡೆ ಕತ್ತಲೆ ಕೋಣೆ ಇರಲಿಲ್ಲ. ಇಂಟರ್ನೆಟ್ ನಿಧಾನವಿದ್ದು ಒಂದೊಂದು ಚಿತ್ರ ಏರಲು ಒಂದರಿಂದ ಒಂದೂವರೆ ನಿಮಿಷ ಬೇಕಾಯಿತು, ಸಾಲು ಬೆಳೆಯಿತು. ತಳ್ಳಿಹಾಕಿದವರೆಲ್ಲ ದೂರದ ಆಸ್ಪತ್ರೆಗೆ ಹೋಗಬೇಕಾಗಿ ಬಂತು, ರೋಗವಿಲ್ಲದವರೂ.

ಆದ್ದರಿಂದ ಕಿಟಕಿಗೆ ದಪ್ಪ ಕಪ್ಪು ಪರದೆ, ಬಾಗಿಲ ಸಂದಿಗೂ ಪಟ್ಟಿ. ಒಂದು ಕಣ್ಣಿಗೆ ಫ್ಲ್ಯಾಶ್ ಬಿದ್ದ ಮೇಲೆ ಪಾಪೆ ಮತ್ತೆ ಅರಳಲು ಕೆಲವು ನಿಮಿಷ ಬಿಟ್ಟು ಇನ್ನೊಂದು ಕಣ್ಣು. ಲೆನ್ಸನ್ನು ಪ್ರತಿ ಬೆಳಿಗ್ಗೆ, ಮತ್ತು ಯಾರದಾದರೂ ರೆಪ್ಪೆ ತಾಗಿದಾಗಲೆಲ್ಲ ಒರೆಸಬೇಕು. ಕಣ್ಣಿನ ಪೊರೆ ಇರುವವರ ಚಿತ್ರ ಎಷ್ಟು ತೆಗೆದರೂ ಮಸುಕೇ. ಅವರನ್ನು ನೇರವಾಗಿ ನೇತ್ರತಜ್ಞರಿಗೆ ಕಳಿಸಿ. ಮಾರುವವರನ್ನು ನಿಖರತೆ ಎಷ್ಟೆಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಇಂಥದೇ ಹಳ್ಳಿ ಆಸ್ಪತ್ರೆಯಲ್ಲಿ ನೂರಕ್ಕೆ ಎಷ್ಟು ಚಿತ್ರ ತಿರಸ್ಕೃತವಾಯಿತು, ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ, ಎರಡು ವರ್ಷದ ನಂತರ ರಿಪೇರಿ ಯಾರದು ಎಂದು ಕೇಳಿ. ದೋಷ ಕಂಡವರು ಲೇಸರ್ ಚಿಕಿತ್ಸೆಗೆ ಹೋಗಿ ಬರುವ ಬಸ್ ಖರ್ಚನ್ನೂ ಟ್ರಸ್ಟ್ ಭರಿಸುವುದಾದರೆ ಕ್ಯಾಮೆರಾ ಸಾರ್ಥಕ.

ಪ್ರಶ್ನೆ: ದಿನಕ್ಕೊಂದು ಮೊಟ್ಟೆ ಕೊಟ್ಟರೆ ಮಕ್ಕಳ ಕುಳ್ಳುತನ ಅರ್ಧ ಹೋಗುತ್ತದೆ ಎಂದು ಒಬ್ಬರು, ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಸಂಶೋಧನೆ ತೋರಿಸುತ್ತಾರೆ. ಯಾರದು ಸುಳ್ಳು?
— ಅಂಗನವಾಡಿ ಮೇಲ್ವಿಚಾರಕಿ, ಯಾದಗಿರಿ

ಇಬ್ಬರದೂ ನಿಜ. ಈಕ್ವೆಡಾರ್‌ನಲ್ಲಿ 6ರಿಂದ 9 ತಿಂಗಳ 163 ಶಿಶುಗಳ ಪ್ರಯೋಗ (2017): ಅರ್ಧ ಮಕ್ಕಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟು ಹೋಲಿಸಿದಾಗ ಕುಳ್ಳುತನ ಶೇ 47 ಕಡಿಮೆ. ಅದನ್ನೇ ಮಲಾವಿ ದೇಶದಲ್ಲಿ 660 ಶಿಶುಗಳ ಮೇಲೆ ಮಾಡಿದಾಗ (2019) ಎತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಈಕ್ವೆಡಾರ್‌ನ ಮಕ್ಕಳಲ್ಲಿ ಮೊದಲೇ ಶೇ 38 ಕುಳ್ಳುತನವಿತ್ತು, ಮಲಾವಿಯಲ್ಲಿ ಶೇ 14. ಮಲಾವಿಯ ಆ ಪ್ರದೇಶ ಸರೋವರದ ದಂಡೆ, ಮಕ್ಕಳ ಊಟದಲ್ಲಿ ಮೀನಿತ್ತು. ಪ್ರಾಣಿಜನ್ಯ ಪ್ರೋಟೀನ್ ಇಲ್ಲದ ಕಡೆ ಮೊಟ್ಟೆ ಕೆಲಸ ಮಾಡಿತು, ಇದ್ದ ಕಡೆ ಹೆಚ್ಚೇನೂ ಮಾಡಲಿಲ್ಲ.

ನಿಮ್ಮ ವ್ಯಾಪ್ತಿಯ ಮಕ್ಕಳ ತಟ್ಟೆ ಈ ಎರಡರಲ್ಲಿ ಯಾವುದನ್ನು ಹೋಲುತ್ತದೆ ಎಂಬುದನ್ನು ನೀವೇ ಚೆನ್ನಾಗಿ ಬಲ್ಲಿರಿ. ಒಂದು ಎಚ್ಚರಿಕೆ: ಎರಡೂ ಒಂದು ವರ್ಷದ ಆಸುಪಾಸಿನ ಶಿಶುಗಳ ಮೇಲಿನವು. ಶಾಲೆಯ ಮೊಟ್ಟೆಯ ವಾದಕ್ಕೆ ಇವನ್ನು ಎಳೆದು ತರುವುದು ಯಾರು ಮಾಡಿದರೂ ತಪ್ಪು. ಅಲ್ಲಿ ನೋಡಬೇಕಾದದ್ದು ತೂಕ, ಹಾಜರಾತಿ, ಹಸಿವು. ಮತ್ತೆ, ಎತ್ತರ ಅಳೆಯುವಾಗ ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲ್ಪಟ್ಟವರನ್ನು ನಿಲ್ಲಿಸಿ ಅಳೆಯಬೇಕು. ಇದು ಅದಲುಬದಲಾದರೆ ಸುಮಾರು 0.7 ಸೆಂ.ಮೀ. ತಪ್ಪು ಬರುತ್ತದೆ, ಗಡಿಯಲ್ಲಿರುವ ಮಗು ಪಟ್ಟಿಯಿಂದ ಆಚೀಚೆ ಆಗುತ್ತದೆ.

ಪ್ರಶ್ನೆ: ಪ್ರಬಂಧಕ್ಕೆ ಉಲ್ಲೇಖ ಬೇಕೆಂದು ಚಾಟ್‌ಜಿಪಿಟಿಯನ್ನು ಕೇಳಿದೆ. ಲೇಖಕರು, ವರ್ಷ, ಸಂಪುಟ, ಪುಟ ಎಲ್ಲ ಕೊಟ್ಟಿತು. ಮಾರ್ಗದರ್ಶಕರು 'ಇದರಲ್ಲಿ ಅರ್ಧ ಇಲ್ಲವೇ ಇಲ್ಲ' ಎನ್ನುತ್ತಾರೆ. ಪರೀಕ್ಷಿಸುವುದು ಹೇಗೆ?
— ಪಿಎಚ್.ಡಿ. ವಿದ್ಯಾರ್ಥಿನಿ, ಕಲಬುರಗಿ

ಮಾರ್ಗದರ್ಶಕರು ಹೇಳಿದಂತೆ ಆಗುವುದುಂಟು. ಅದು ಗ್ರಂಥಾಲಯದಿಂದ ತೆಗೆದು ಕೊಡುತ್ತಿಲ್ಲ, ಉಲ್ಲೇಖದಂತೆ ಕಾಣುವ ಸಾಲನ್ನು ಹೆಣೆಯುತ್ತಿದೆ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಹುಟ್ಟೇ ಇಲ್ಲ. ಈ ಬಗೆಯದು ಹೆಚ್ಚು ಮೋಸ ಮಾಡುತ್ತದೆ.

ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಗುರುತಿನ) ಸಂಖ್ಯೆ ಇದ್ದರೆ ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ. ತೆರೆದ ಪುಟದ ಶೀರ್ಷಿಕೆ ನಿಮ್ಮಲ್ಲಿರುವ ಶೀರ್ಷಿಕೆಯೇ ಎಂದು ನೋಡಿ, ಏಕೆಂದರೆ ಬೇರೆ ಯಾವುದೋ ಲೇಖನದ ನಿಜ ಸಂಖ್ಯೆಯನ್ನೂ ಅದು ಅಂಟಿಸಿರುತ್ತದೆ. ಸಂಖ್ಯೆ ಇಲ್ಲದಿದ್ದರೆ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ, ವೈದ್ಯಕೀಯವಾದರೆ ಪಬ್‌ಮೆಡ್‌ನಲ್ಲಿ ಹುಡುಕಿ. ಎರಡರಲ್ಲೂ ಇಲ್ಲದಿದ್ದರೆ ಪತ್ರಿಕೆಯ ತಾಣಕ್ಕೆ ಹೋಗಿ ಆ ಸಂಪುಟದ ಆ ಪುಟದಲ್ಲಿ ಏನಿದೆ ನೋಡಿ. ಭಾರತೀಯ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ತಾಣ ಇದೆ. ಸಿಕ್ಕ ಮೇಲೂ 'ಹಿಂಪಡೆಯಲಾಗಿದೆ' ಎಂಬ ಮುದ್ರೆ ಇದೆಯೇ ನೋಡಿ. 2020ರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ 'ಲ್ಯಾನ್ಸೆಟ್'ನಲ್ಲೇ ಬಂದ ಲೇಖನ, ಅದರ ಮೂಲ ದತ್ತಾಂಶವನ್ನು ಯಾರೂ ಪರಿಶೀಲಿಸಲಾಗದೆ, ಕೆಲವೇ ವಾರಗಳಲ್ಲಿ ವಾಪಸಾಯಿತು. ಭಾರತದ ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಔಷಧ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಹುಡುಕಿ, ಆರಂಭದಲ್ಲಿ ಅಳೆಯುತ್ತೇವೆ ಎಂದದ್ದನ್ನೇ ಕೊನೆಗೂ ವರದಿ ಮಾಡಿದ್ದಾರೆಯೇ ಎಂದು ಹೋಲಿಸಿ.

ಪೂರ್ತಿ ಲೇಖನಕ್ಕೆ ಹಣ ಕೇಳುತ್ತದೆ ಎಂಬುದು ನಿಮ್ಮ ಪತ್ರದ ಇನ್ನೊಂದು ದೂರು. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ, 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ನಿಮಗೆ ಉಚಿತವಾಗಿ ಸಿಗಬೇಕು. ಲಾಗಿನ್‌ಗೆ ಗ್ರಂಥಪಾಲಕರನ್ನು ಕೇಳಿ.